ಚಿತ್ರದ ಶೆಡ್ಡಿನ ಕೆಂಪು ಚೀಟಿ

ನಾನು ನಿಂತದ್ದು ಶೆಡ್ಡಿನ ಒಳಗೆ, ಬಾಗಿಲಿನಿಂದ ಎಣಿಸಿದರೆ ಎಡಗಡೆಯ ಮೂರನೆಯ ಕಂಬದ ಪಕ್ಕದಲ್ಲಿ, ಕುಡಿಯುವ ನೀರಿನ ಕ್ಯಾನಿಗೆ ಬೆನ್ನು ಮಾಡಿಕೊಂಡು. ಅಂದು ಭಾನುವಾರ. ಹೊತ್ತು ಹನ್ನೆರಡಕ್ಕೆ ಹತ್ತು ನಿಮಿಷ ಇತ್ತು. ನನ್ನ ಗಡಿಯಾರ ಎರಡು ನಿಮಿಷ ಮುಂದಿರುವುದರಿಂದ ಹನ್ನೆರಡು ನಿಮಿಷ ಎಂದು ತಿದ್ದಿಕೊಳ್ಳಬೇಕು. ನನಗೂ ಆ ಕುರ್ಚಿಗೂ ನಡುವೆ ಎಂಟು ಹೆಜ್ಜೆ. ಅಡ್ಡ ಏನೂ ಇರಲಿಲ್ಲ. ಕನ್ನಡಕ ಹಾಕಿಕೊಂಡಿದ್ದೆ.

ಇದೇನು, ನಗಿಸುತ್ತಾನೆ ಎಂದು ಓದಲು ಕೂತರೆ ಪಂಚನಾಮೆ ಶುರು ಮಾಡಿದನಲ್ಲ ಎನ್ನಬೇಡಿ. ಮೂವತ್ತೊಂದು ವರ್ಷ ನಾನು ಪೀಣ್ಯದ ಒಂದು ಕಾರ್ಖಾನೆಯ ಸುರಕ್ಷತಾ ವಿಭಾಗದಲ್ಲಿದ್ದು ಅಪಘಾತದ ವರದಿಗಳನ್ನು ಬರೆದವನು. ವರದಿಯ ಮೊದಲ ಸಾಲಿನಲ್ಲಿ ಸಾಕ್ಷಿ ಎಲ್ಲಿ ನಿಂತಿದ್ದ, ಎಷ್ಟು ಹೊತ್ತಿಗೆ ಎಂದಿರಬೇಕು. ಕೊನೆಯ ಸಾಲಿನಲ್ಲಿ ಇನ್ನು ಯಾರು ಯಾರು ನೋಡಿದರು, ಅವರಲ್ಲಿ ಯಾರು ಉಳಿದಿದ್ದಾರೆ ಎಂದಿರಬೇಕು. ಬೇರೆ ರೀತಿಯಲ್ಲಿ ಬರೆಯಲು ನನಗೆ ಬರುವುದಿಲ್ಲ. ಅಂದು ನಡೆದದ್ದು ಅಪಘಾತವಲ್ಲ. ಆದರೆ ನಾನು ಕಂಬ ಹಿಡಿದುಕೊಂಡದ್ದು ನಿಜ.

ಮೊದಲು ನಮ್ಮ ಭಾವನ ವಿಷಯ ಹೇಳುತ್ತೇನೆ. ಭಾವ ಎಂದರೆ ಅಕ್ಕನ ಗಂಡ. ಹೆಸರು ಬೇಡ, ಬರೆದರೆ ಅಕ್ಷರಗಳು ಒಂದೇ ಎತ್ತರಕ್ಕಿವೆಯೇ ಎಂದು ಅಚ್ಚಿನ ಮನೆಗೇ ಹೋಗಿ ನೋಡುವ ಆಸಾಮಿ. ಪ್ರಪಂಚದಲ್ಲಿ ಕೋಟ್ಯಂತರ ವಸ್ತುಗಳಿವೆ ಎಂದು ನೀವು, ನಾನು ಅಂದುಕೊಂಡಿದ್ದೇವೆ. ಭಾವನ ಪ್ರಕಾರ ಇರುವುದು ಎರಡೇ: ಪಾಸು ಮತ್ತು ರಿಜೆಕ್ಟು. ನಾನು ಎರಡನೆಯದರಲ್ಲಿದ್ದೇನೆ. ಮದುವೆಯ ದಿನ ಹಸೆಮಣೆಯ ಮೇಲೆ ಕೂತಿದ್ದವರು ನನ್ನನ್ನು ನೋಡಿ ಅಕ್ಕನ ಕಿವಿಯಲ್ಲಿ ಹೇಳಿದ ಮೊದಲ ಮಾತು, "ನಿನ್ನ ತಮ್ಮನ ಎಡಭುಜ ಒಂದಿಷ್ಟು ಇಳಿದಿದೆ" ಎಂಬುದಂತೆ. ಆಮೇಲೆ ನಾನು ಅಳೆಸಿಕೊಂಡೆ. ಇಳಿದಿದೆ.

ಭಾವನ ಅಂಗಿಯ ಜೇಬಿನಲ್ಲಿ ಸದಾ ಒಂದು ಗೇಜು ಇರುತ್ತದೆ. ಹೆಬ್ಬೆರಳಿನಷ್ಟು ದಪ್ಪದ ಉಕ್ಕಿನ ತುಂಡು, ನಡುವೆ ಹಿಡಿಕೆ. ತೂತಿನ ಅಳತೆ ಸರಿಯಿದೆಯೇ ಎಂದು ನೋಡುವ ಸಾಧನ. ಅದರ ಒಂದು ತುದಿಗೆ ಗೋ ಎಂದು ಹೆಸರು, ಇನ್ನೊಂದು ತುದಿಗೆ ನೋ-ಗೋ ಎಂದು ಹೆಸರು. ನೋ-ಗೋ ತುದಿಗೆ ಕೆಂಪು ಪಟ್ಟಿ ಬಳಿದಿರುತ್ತದೆ. ಗೋ ತುದಿ ತೂತಿನೊಳಗೆ ಸಲೀಸಾಗಿ ಹೋಗಬೇಕು. ಕೆಂಪು ತುದಿ ಹೋಗಬಾರದು. ಅದೂ ಹೋಯಿತೆಂದರೆ ತೂತು ದೊಡ್ಡದಾಗಿದೆ, ಮಾಲು ಕೆಟ್ಟಿದೆ ಎಂದು ಅರ್ಥ. ವಿದ್ಯೆ ಇಷ್ಟೇ.

ಟಿ. ದಾಸರಹಳ್ಳಿಯ ಒಂದು ಹೋಟೆಲಿನಲ್ಲಿ ಉದ್ದಿನ ವಡೆ ತರಿಸಿದ ಭಾವ, ಗೇಜನ್ನು ಬಿಸಿನೀರಿನಲ್ಲಿ ತೊಳೆದು ವಡೆಯ ತೂತಿಗೆ ಹಾಕಿದ್ದನ್ನು ನಾನು ಎದುರು ಕುರ್ಚಿಯಿಂದ ನೋಡಿದ್ದೇನೆ.

"ಎರಡೂ ಕಡೆ ಹೋಗ್ತಿದೆ ನೋಡಿ. ವಾಪಸ್ ತಗೊಳ್ಳಿ."

"ಸಾರ್, ಅದು ವಡೆ," ಎಂದರು ಮಾಲೀಕರು.

"ವಡೆ ಅಂತ ನನಗೂ ಗೊತ್ತಪ್ಪ. ಹಿಟ್ಟು ಉಳಿಸೋಕೆ ತೂತು ದೊಡ್ಡದು ಮಾಡಿದ್ದೀರಿ."

ಮಾಲೀಕರು ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಮುಂದಿನ ವಾರ ವಡೆಯ ತೂತು ಸಣ್ಣದಾಗಿತ್ತು. ಭಾವ ಗೆದ್ದವರಂತೆ ನನ್ನನ್ನು ನೋಡಿದರು. ಇವರೊಬ್ಬರಿಗೆ ಮಾತ್ರ ಅಡುಗೆಯವರು ಕಿರುಬೆರಳಿನಲ್ಲಿ ತೂತು ಮಾಡುತ್ತಾರೆ, ಉಳಿದವರಿಗೆಲ್ಲ ಹಳೆಯ ಹೆಬ್ಬೆರಳೇ, ಎಂದು ನನಗೆ ಗೊತ್ತಾದದ್ದು ಆಮೇಲೆ. ಭಾವನಿಗೆ ಹೇಳಿಲ್ಲ. ಹೇಳಿದರೆ ಪಕ್ಕದ ಮೇಜಿನವರ ತಟ್ಟೆಗೂ ಕೈ ಹಾಕುತ್ತಾರೆ.

ಇಂಥ ಮನುಷ್ಯನಿಗೆ ಆರ್ಟ್ ಗ್ಯಾಲರಿಯಲ್ಲಿ ಏನು ಕೆಲಸ?

ಪೀಣ್ಯದ ಒಂದು ಅಡ್ಡರಸ್ತೆಯಲ್ಲಿ, ರಟ್ಟಿನ ಪೆಟ್ಟಿಗೆಯ ಗೋದಾಮಿನ ಪಕ್ಕಕ್ಕೆ, ಶೀಟು ಹೊದಿಸಿದ ಒಂದು ಹಳೆಯ ಶೆಡ್ಡು ಇದೆ. ಭಾವ ಇಪ್ಪತ್ತಾರು ವರ್ಷ ಇನ್‌ಸ್ಪೆಕ್ಟರ್ ಆಗಿದ್ದ ಕಾರ್ಖಾನೆ ಅದೇ. ಪಂಪುಗಳಿಗೆ ಕಂಚಿನ ಬುಷ್ ಮಾಡುತ್ತಿದ್ದರು. ಬುಷ್ ಎಂದರೆ ನಡುವೆ ತೂತಿರುವ ದಪ್ಪ ಬಳೆ ಎಂದುಕೊಳ್ಳಿ. ಕಾರ್ಖಾನೆ ಮುಚ್ಚಿದಾಗ ಯಂತ್ರಗಳೆಲ್ಲ ಲಾರಿ ಹತ್ತಿದವು. ಭಾವ ಕೇಳಿ ಪಡೆದದ್ದು ಎರಡೇ: ಆ ಗೇಜು, ಮತ್ತು ಉಪಯೋಗಿಸದೆ ಉಳಿದಿದ್ದ ಕೆಂಪು ರಿಜೆಕ್ಟ್ ಚೀಟಿಗಳ ಒಂದು ಕಟ್ಟು. ಮಾಲೀಕರು ತೀರಿಕೊಂಡ ಮೇಲೆ, ಚಿತ್ರಕಲೆ ಓದಿದ್ದ ಅವರ ಮಗಳು ಮೇಘನಾ ಗೋಡೆಗಳಿಗೆಲ್ಲ ಬಿಳಿ ಬಳಿಸಿ ಆ ಶೆಡ್ಡನ್ನು ಗ್ಯಾಲರಿ ಮಾಡಿದಳು. ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರೊಂದಿದೆ. ಸುತ್ತಲಿನವರು ಅದನ್ನು ಕರೆಯುವುದು ಚಿತ್ರದ ಶೆಡ್ಡು ಎಂದೇ.

ಮೊದಲ ಪ್ರದರ್ಶನದ ದಿನ ಭಾವ, ಗಾರೆಯವರು ಮಟ್ಟ ನೋಡುವ ರಸಮಟ್ಟ ಹಿಡಿದುಕೊಂಡು ಹೋದರು. ಗೋಡೆಯ ಮೇಲೆ ಇಪ್ಪತ್ತೆರಡು ಚಿತ್ರಗಳಿದ್ದವು. ಒಂದೊಂದರ ಚೌಕಟ್ಟಿನ ಮೇಲೂ ರಸಮಟ್ಟ ಇಟ್ಟು ನೋಡಿ, ಒಂಬತ್ತನ್ನು ಪಾಸು ಮಾಡಿ, ಹದಿಮೂರಕ್ಕೆ ಕೆಂಪು ಚೀಟಿ ಅಂಟಿಸಿದರು. ಚೀಟಿಯಲ್ಲಿ ಕಾರಣ ಬರೆಯಲು ಒಂದು ಸಾಲು, ಅದರ ಕೆಳಗೆ 'ಮುಂದೇನು' ಎಂದು ಮೂರು ಚೌಕಗಳು: ಮರುಕೆಲಸ, ಗುಜರಿ, ವಾಪಸ್. ಹನ್ನೆರಡು ಚಿತ್ರಗಳಿಗೆ 'ಎಡಗಡೆ ಇಳಿದಿದೆ', 'ಬಲಗಡೆ ಏರಿದೆ' ಎಂದು ಬರೆದು ಮರುಕೆಲಸದ ಚೌಕಕ್ಕೆ ಗುರುತು ಹಾಕಿದ್ದರು. ಹದಿಮೂರನೆಯದು ದೊಡ್ಡ ನೀಲಿ ಚಿತ್ರ; ನೀಲಿ ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ. ಅದರ ಚೀಟಿಯಲ್ಲಿ, 'ನಕ್ಷೆ ಲಗತ್ತಿಸಿಲ್ಲ. ಏನು ಮಾಡಹೊರಟಿದ್ದರೆಂದು ತಿಳಿಯದೆ ಪರೀಕ್ಷೆ ಸಾಧ್ಯವಿಲ್ಲ. ವಾಪಸ್.'

ಆ ನೀಲಿ ಚಿತ್ರದ ಕಲಾವಿದ ಚೀಟಿಯನ್ನು ಓದಿ, ಇನ್ನೊಮ್ಮೆ ಓದಿ, ತನಗೆ ಬಂದ ವಿಮರ್ಶೆಗಳಲ್ಲೆಲ್ಲ ಅರ್ಥವಾದದ್ದು ಇದೊಂದೇ ಎಂದು ಪ್ರದರ್ಶನ ಮುಗಿಯುವವರೆಗೂ ಕೀಳಲು ಬಿಡಲಿಲ್ಲ.

ಮೇಘನಾ ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದಳು. "ಅಂಕಲ್, ನಮ್ಮಪ್ಪ ನಿಮ್ಮನ್ನ ಇಪ್ಪತ್ತಾರು ವರ್ಷ ಹೇಗೆ ಇಟ್ಕೊಂಡಿದ್ರು?"

"ಇಟ್ಕೊಂಡಿರಲಿಲ್ಲಮ್ಮ. ಸಹಿಸ್ಕೊಂಡಿದ್ರು."

ಅವಳು ನಕ್ಕುಬಿಟ್ಟಳು. ಅವಳಿಗೆ ಒಂದು ತೊಂದರೆ ಇತ್ತು. ಸುತ್ತಲಿನ ಜನ ಬರಬೇಕು ಎಂಬ ಆಸೆಯಿಂದ ಭಾನುವಾರಗಳಂದು ಎಲ್ಲರಿಗೂ ತೆರೆದ ಕಾರ್ಯಕ್ರಮ ಇಟ್ಟಿದ್ದಳು, ಜನ ಬರುತ್ತಿರಲಿಲ್ಲ. ಭಾನುವಾರಗಳನ್ನು ಭಾವನ ಕೈಗೆ ಕೊಟ್ಟಳು. ಸಂಬಳ ಇಲ್ಲ, ಕುರ್ಚಿ ಇಡುವುದರಿಂದ ಹಿಡಿದು ಎಲ್ಲ ಕೆಲಸವೂ ಅವರದೇ. ಭಾವ ಅಂದು ಸಂಜೆ ಮನೆಗೆ ಬಂದು ಷರ್ಟುಗಳಿಗೆ ಇಸ್ತ್ರಿ ಮಾಡಿಕೊಂಡರು ಎಂದು ಅಕ್ಕ ಹೇಳಿದಳು.

ಮೊದಲ ಭಾನುವಾರ ಭಾವ ನಲವತ್ತು ಪ್ಲಾಸ್ಟಿಕ್ ಕುರ್ಚಿಗಳನ್ನು ದಾರ ಹಿಡಿದು ಸಾಲಾಗಿ ಹಾಕಿದರು. ಆಮೇಲೆ ಎಲ್ಲಿಂದಲೋ ಒಂದು ಹಳೆಯ ಕಬ್ಬಿಣದ ಕುರ್ಚಿ ತಂದು ಶೆಡ್ಡಿನ ಬಲಗಡೆ, ನೆಲದಿಂದ ನಾಲ್ಕು ಬೋಲ್ಟುಗಳ ತುದಿ ಇನ್ನೂ ಎದ್ದುಕೊಂಡಿರುವ ಜಾಗದ ಪಕ್ಕದಲ್ಲಿ ಇಟ್ಟರು. ಹಿಂದೆ ನಾಲ್ಕನೆಯ ನಂಬರಿನ ಲೇತು ನಿಂತಿದ್ದ ಜಾಗ ಅದು. ಕುರ್ಚಿಯ ಬೆನ್ನಿಗೆ ಒಂದು ರಟ್ಟು ಕಟ್ಟಿದರು: 'ಬಸಪ್ಪನವರಿಗೆ.'

ಮುಖ್ಯ ಅತಿಥಿಯಾಗಿ ಬಂದಿದ್ದ ದೊಡ್ಡ ಮನುಷ್ಯರೊಬ್ಬರು ಅದರಲ್ಲಿ ಕೂರಲು ಹೋದರು.

"ಸಾರ್, ಅದು ಬೇರೆಯವರದು."

"ಅವರಿನ್ನೂ ಬಂದಿಲ್ಲವಲ್ಲ."

"ಇಪ್ಪತ್ತು ವರ್ಷದಿಂದ ಬಂದಿಲ್ಲ. ಇವತ್ತು ಬರಬಹುದು."

ಬಸಪ್ಪ ಗದಗದ ಕಡೆಯವರು. ನಾಲ್ಕನೆಯ ಲೇತಿನಲ್ಲಿ ಬುಷ್ ಕೊರೆಯುತ್ತಿದ್ದ ಟರ್ನರ್. ಹನ್ನೊಂದು ವರ್ಷ ಅವರೂ ಭಾವನೂ ಆ ಲೇತಿನ ಪಕ್ಕದಲ್ಲೇ ಕೂತು ಮಧ್ಯಾಹ್ನದ ಊಟ ಮಾಡಿದರು. ಬಸಪ್ಪನ ಡಬ್ಬಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ. ಭಾವನ ಡಬ್ಬಿಯಲ್ಲಿ ಅಕ್ಕ ಮಾಡಿದ ಮುದ್ದೆ, ಬಸ್ಸಾರು. ಒಂದು ಗಂಟೆಗೆ ಸೈರನ್ ಆದ ಕೂಡಲೇ ಡಬ್ಬಿಗಳು ಅದಲು ಬದಲು. ಬಸಪ್ಪ ಮುದ್ದೆಯನ್ನು ನುಂಗಲು ಕಲಿಯಲೇ ಇಲ್ಲ, ಅಗಿಯುತ್ತಿದ್ದರು. ಹನ್ನೊಂದು ವರ್ಷವೂ ಭಾವ ಅದನ್ನು ದಿನಕ್ಕೊಮ್ಮೆ ರಿಜೆಕ್ಟ್ ಮಾಡುತ್ತಿದ್ದರು.

ಒಂದು ಬುಧವಾರ ಬೆಳಿಗ್ಗೆ ಬಸಪ್ಪ ಮಾಡಿದ ನೂರ ಎಂಬತ್ತು ಬುಷ್‌ಗಳು ತಪಾಸಣೆಗೆ ಬಂದವು. ಹಿಂದಿನ ಎರಡು ದಿನ ಅವರ ಮಗಳು ಆಸ್ಪತ್ರೆಯಲ್ಲಿದ್ದಳು, ಅವರು ನಿದ್ದೆ ಮಾಡಿರಲಿಲ್ಲ. ಭಾವ ಗೇಜು ಹಾಕಿ ನೋಡಿದರು. ಕೆಂಪು ತುದಿ ಒಳಗೆ ಹೋಯಿತು. ಎಲ್ಲದರಲ್ಲೂ ಹೋಯಿತು. ತೂತು ಸಣ್ಣದಾಗಿದ್ದರೆ ಇನ್ನಷ್ಟು ಕೊರೆಯಬಹುದು. ದೊಡ್ಡದಾದರೆ ಮಾಡುವುದೇನೂ ಇಲ್ಲ. ನೂರ ಎಂಬತ್ತಕ್ಕೂ ಕೆಂಪು ಚೀಟಿ, ಗುಜರಿ. ಮಾಲೀಕರು ಬಸಪ್ಪನನ್ನು ಲೇತಿನಿಂದ ಇಳಿಸಿ ಪೆಟ್ಟಿಗೆ ಹೊರುವ ಕೆಲಸಕ್ಕೆ ಹಾಕಿದರು. ಅದೇ ಸಂಜೆ ಗೇಟು ದಾಟಿದವರು ಮತ್ತೆ ಬರಲಿಲ್ಲ. ಬೇರೆ ಕಾರ್ಖಾನೆ ಸೇರಿದರು. ಭಾವ ದಾಸರಹಳ್ಳಿಯಲ್ಲಿ, ಬಸಪ್ಪ ಬಾಗಲಗುಂಟೆಯಲ್ಲಿ; ನಡುವೆ ಎರಡು ಕಿಲೋಮೀಟರ್ ಇಲ್ಲ. ಇಪ್ಪತ್ತೊಂದು ವರ್ಷ ಮಾತಿಲ್ಲ.

"ಭಾವ, ಆವತ್ತು ಮಾಡಿದ್ದು ತಪ್ಪು ಅನ್ನಿಸುತ್ತಾ?" ಎಂದು ಒಮ್ಮೆ ಕೇಳಿದೆ.

"ಇಲ್ಲ ಕಣಯ್ಯ. ಆ ಬುಷ್ ಹಾಕಿದ ಪಂಪು ಆರು ತಿಂಗಳಿಗೆ ಕೈ ಕೊಡೋದು. ಇವತ್ತು ತಂದ್ರೂ ರಿಜೆಕ್ಟೇ."

"ಮತ್ತೆ ಈ ಕುರ್ಚಿ ಯಾಕೆ?"

"ಅವನು ಬರಬೇಕು."

"ಬಂದು?"

"ಬಂದು ಕೂತ್ಕೋಬೇಕು. ಅಷ್ಟೇ."

ಅಷ್ಟೇ. ಆ ಭಾನುವಾರಗಳ ಒಳಗುಟ್ಟು ಅದು. ಮೇಘನಾಗೆ ಊರಿನ ಜನ ಬರಬೇಕಿತ್ತು, ಭಾವನಿಗೆ ಒಬ್ಬ ಬರಬೇಕಿತ್ತು. ಒಬ್ಬನನ್ನು ಬರಿಸಲು ಊರನ್ನೇ ಕರೆದರು ನಮ್ಮ ಭಾವ.

ಊರು ಸುಲಭಕ್ಕೆ ಬರಲಿಲ್ಲ. ಮೊದಮೊದಲು ಬಂದವರೆಲ್ಲ ಪಟ್ಟಣದ ಕಡೆಯ ಕಾರಿನವರು. ಬಂದವರು ಮೊದಲು ಕೇಳುತ್ತಿದ್ದದ್ದು ಟಾಯ್ಲೆಟ್ ಎಲ್ಲಿ ಎಂದು. ಕಾರ್ಖಾನೆಯ ಜನ ಗೇಟಿನ ಹೊರಗೇ ನಿಂತು ನೋಡಿ ಹೋಗುತ್ತಿದ್ದರು. ನಾಲ್ಕನೆಯ ಭಾನುವಾರ ಭಾವ ಹೊರಗೆ ಹೋಗಿ, "ಬನ್ರಪ್ಪ ಒಳಗೆ, ಯಾರೂ ಏನೂ ಕೇಳಲ್ಲ" ಎಂದರು. ಬಂದರು. ಬಂದವರು ಗೇಟಿನ ಒಳಗೆ ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಿಂತು, ಬ್ಯಾಗುಗಳ ಜಿಪ್ ತೆರೆದು, ಮೊಬೈಲುಗಳನ್ನು ಕೈಯಲ್ಲಿ ಎತ್ತಿ ಹಿಡಿದುಕೊಂಡರು. ಒಬ್ಬ ಎರಡೂ ಕೈ ಅಗಲಿಸಿ ತಡಕುವವರಿಗೆ ಅನುಕೂಲ ಮಾಡಿಕೊಟ್ಟ.

ಮೇಘನಾಳ ಮುಖ ಸಣ್ಣದಾಯಿತು. "ಅಂಕಲ್, ಪ್ಲೀಸ್, ಇಲ್ಲಿ ಚೆಕಿಂಗ್ ಇಲ್ಲ ಅಂತ ಹೇಳಿ ಅವರಿಗೆ."

"ಇಲ್ಲ ಅಂದ್ರೆ ಗಾಬರಿಯಾಗ್ತಾರಮ್ಮ. ಗೇಟು ಅಂದ್ಮೇಲೆ ಏನಾದ್ರೂ ಇರಬೇಕು."

ಭಾವ ಅಲ್ಲೊಂದು ಮೇಜು ಹಾಕಿಸಿ ತಾವೇ ಕೂತರು. ಬ್ಯಾಗ್ ತೆರೆದವರ ಬ್ಯಾಗಿನೊಳಗೆ ಇಣುಕಿ, ಒಂದು ಕಡಲೆ ಮಿಠಾಯಿ ಹಾಕಿ, "ಪಾಸ್, ಹೋಗಪ್ಪ" ಎಂದು ಕಳಿಸಿದರು. ಮುಂದಿನ ವಾರ ಸಾಲು ರಸ್ತೆಯವರೆಗೂ ಇತ್ತು.

ಮೇಜಿನ ಮೇಲೆ ಅಭಿಪ್ರಾಯ ಬರೆಯುವ ಪುಸ್ತಕವೊಂದಿತ್ತು. ಜನ ಅದರಲ್ಲಿ ಹೆಸರು ಬರೆದರು, ಕಾರ್ಖಾನೆಯಲ್ಲಿ ತಮಗೆ ಕೊಟ್ಟ ಟೋಕನ್ ನಂಬರ್ ಬರೆದರು, ಒಳಗೆ ಬಂದ ವೇಳೆ ಬರೆದರು. ಅಭಿಪ್ರಾಯದ ಜಾಗದಲ್ಲಿ, ಶಿಫ್ಟು ಬದಲಾಗುವಾಗ ಮುಂದಿನವರಿಗೆ ಬರೆದಿಡುವ ಹಾಗೆ ಒಬ್ಬರು ಬರೆದಿದ್ದರು: 'ಮಷಿನ್ ಯಾವುದೂ ಇಲ್ಲ. ಫ್ಯಾನ್ ಓಡುತ್ತಿವೆ. ತೊಂದರೆ ಇಲ್ಲ.' ಕಾರಿನವರು ಅದನ್ನು ಫೋಟೊ ತೆಗೆದುಕೊಂಡು ನಕ್ಕರು. ಅದರ ಕೆಳಗಿನ ಸಾಲನ್ನು ಅವರು ಓದಲಿಲ್ಲ, ಸೋಮವಾರ ಬೆಳಿಗ್ಗೆ ಮೇಘನಾ ಓದಿದಳು: 'ಮೂಲೆಯ ದೊಡ್ಡ ಚಿತ್ರದ ಹಿಂದೆ ಗೋಡೆ ತೇವ. ಮುಂದಿನ ಶಿಫ್ಟಿನವರು ಗಮನಿಸಿ.' ಇಳಿಸಿ ನೋಡಿದರೆ ಶೀಟಿನ ಸಂದಿನಿಂದ ನೀರಿಳಿದು ಚೌಕಟ್ಟಿಗೆ ಎರಡು ಬೆರಳು ದೂರದಲ್ಲಿತ್ತು. ಇನ್ನೂರು ಜನ ನೋಡಿಹೋದ ಚಿತ್ರದ ಹಿಂದಿನ ಗೋಡೆಯನ್ನು ನೋಡಿದವನು ಒಬ್ಬನೇ!

ಇನ್ನೊಂದು ಭಾನುವಾರ ಮಣ್ಣಿನ ಕೆಲಸ. ಕಲಿಸಲು ಬಂದವರು ಮೃದು ಮಾತಿನ ಮೇಡಂ. ಗಾರ್ಮೆಂಟ್ಸಿನಲ್ಲಿ ದುಡಿಯುವ ಹದಿನಾರು ಹೆಂಗಸರು ಬಂದಿದ್ದರು.

"ಕಣ್ಣು ಮುಚ್ಚಿ. ಮಣ್ಣು ಮುಟ್ಟಿ. ಮನಸ್ಸಿಗೆ ಏನು ಬರುತ್ತೋ ಅದನ್ನ ಮಾಡಿ," ಎಂದರು ಮೇಡಂ.

"ಗಂಟೆಗೆ ಎಷ್ಟು ಮೇಡಂ?" ಎಂದು ಮುಂದೆ ಕೂತಿದ್ದ ಸರೋಜಮ್ಮ ಕೇಳಿದರು.

"ಎಷ್ಟು ಅಂತ ಇಲ್ಲ. ನಿಮ್ಮಿಷ್ಟ."

ಟಾರ್ಗೆಟ್ ಹೇಳದಿದ್ದರೆ ಆಮೇಲೆ ಕಡಿಮೆಯಾಯಿತು ಎಂದು ಬೈಯುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಅವರು ತಮ್ಮ ತಮ್ಮಲ್ಲೇ ಎರಡು ಮಾತಾಡಿಕೊಂಡು ಮೇಜಿನ ಉದ್ದಕ್ಕೂ ಲೈನಾದರು. ಒಬ್ಬಳು ಉಂಡೆ ಮಾಡಿದಳು, ಒಬ್ಬಳು ಒತ್ತಿದಳು, ಒಬ್ಬಳು ಅಂಚು ತಿದ್ದಿದಳು, ಒಬ್ಬಳು ಒರೆಸಿದಳು. ಒಂದು ಗಂಟೆಯಲ್ಲಿ ಎಂಬತ್ತಾರು ಬಟ್ಟಲು. ಮೇಡಂ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. ಭಾವ ಒಂದೊಂದನ್ನೂ ಅಳೆದರು. ಅಳೆಯುತ್ತ ಹೋದ ಹಾಗೆ ಅವರ ಮುಖ ಬದಲಾಯಿತು; ದೇವರ ಎದುರು ನಿಂತಾಗಲೂ ಆ ಮುಖವನ್ನು ನಾನು ನೋಡಿಲ್ಲ. "ಒಂದೂ ರಿಜೆಕ್ಟ್ ಇಲ್ಲ," ಎಂದರು.

ಸಾಲಿನ ಕೊನೆಯಲ್ಲಿ, ಉಳಿದ ಮಣ್ಣಿನಲ್ಲಿ ಸರೋಜಮ್ಮ ಯಾರಿಗೂ ಕಾಣದಂತೆ ಮಾಡಿಟ್ಟಿದ್ದ ಒಂದು ಕೋಳಿ ಇತ್ತು. ಅದರ ಕತ್ತು ಸೊಟ್ಟಗಿತ್ತು. ಬೈಸಿಕೊಳ್ಳಲು ತಯಾರಾಗಿ ಆಕೆ ಸೆರಗು ಸರಿ ಮಾಡಿಕೊಂಡರು. ಭಾವ ಕೋಳಿಯನ್ನು ಎತ್ತಿ ನಾಲ್ಕೂ ಕಡೆಯಿಂದ ನೋಡಿ, ನಕ್ಷೆ ಕೇಳದೆ ಪಾಸು ಮಾಡಿದರು. ಅದು ಈಗಲೂ ಗ್ಯಾಲರಿಯ ಕಿಟಕಿಯಲ್ಲಿದೆ.

ಎಲ್ಲರೂ ಬಂದರು. ಬಸಪ್ಪ ಬರಲಿಲ್ಲ. ತಿಂಗಳಿಗೊಂದು ದೊಡ್ಡ ಕಾರ್ಯಕ್ರಮ. ಅದರ ಕಾರ್ಡನ್ನು ಭಾವ ತಾವೇ ಬರೆದು ನನ್ನ ಕೈಯಲ್ಲಿ ಕೊಡುವುದು, ನಾನು ಬಾಗಲಗುಂಟೆಗೆ ಹೋಗಿ ತಲುಪಿಸುವುದು. ಹದಿನಾಲ್ಕು ಕಾರ್ಡು ತಲುಪಿಸಿದ್ದೇನೆ. ಬಸಪ್ಪ ಪ್ರತಿ ಸಲವೂ, "ಬರ್ರಿ, ಬಿಸಲಾಗ ಬಂದೀರಿ, ಚಾ ಕುಡೀರಿ" ಎಂದು ಕೂರಿಸಿ, ಕಾರ್ಡನ್ನು ಓದಿ, ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸುತ್ತಿದ್ದರು.

"ಭಾವನಿಗೆ ಏನು ಹೇಳಲಿ?"

"ನೋಡೂಣಂತ ಹೇಳ್ರಿ."

ಬಂದು ಹೇಳಿದರೆ ಭಾವನ ವಿಚಾರಣೆ. "ಏನಂದ?" "ನೋಡೋಣ ಅಂದ್ರು." "ಹೇಗಂದ?" "ಬಾಯಲ್ಲಿ ಅಂದ್ರು." "ತಲೆಹರಟೆ ಬೇಡ ಕಣಯ್ಯ. ಕಾರ್ಡನ್ನ ಹರಿದನಾ?" "ಇಲ್ಲ. ಕ್ಯಾಲೆಂಡರಿನ ಹಿಂದೆ ಇಟ್ರು." "ಹಿಂದಿನವೂ ಅಲ್ಲೇ ಇದ್ವಾ?" "ಇದ್ವು." ಇಷ್ಟು ಕೇಳಿದ ಮೇಲೆ ಅಂದಿನ ಊಟ ಸೇರುತ್ತಿತ್ತು.

ಹೋದ ಮಳೆಗಾಲದಲ್ಲಿ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು ಹೇಳಿದಳು. "ಇವರ ಬಲಗೈ ನಡುಗ್ತಿದೆ ಕಣೋ. ಲೋಟ ಹಿಡಿದ್ರೆ ಕಾಫಿ ಚೆಲ್ಲತ್ತೆ. ಡಾಕ್ಟ್ರು ಇದು ಕಮ್ಮಿ ಆಗೋದಲ್ಲ ಅಂದ್ರು. ಯಾರಿಗೂ ಹೇಳ್ಬೇಡ ಅಂದಿದಾರೆ." ಆಮೇಲೆ ನಾನು ಗಮನಿಸಿದೆ. ಭಾವ ಬಲಗೈಯನ್ನು ಪ್ಯಾಂಟಿನ ಜೇಬಿನಿಂದ ತೆಗೆಯುತ್ತಲೇ ಇರಲಿಲ್ಲ. ಕುರ್ಚಿಗಳನ್ನು ಎಡಗೈಯಲ್ಲೇ ಸಾಲು ಮಾಡುತ್ತಿದ್ದರು. ಗೇಜು ಹಿಡಿದು ಬದುಕಿದ ಕೈ ಅದು. ಹದಿನಾಲ್ಕನೆಯ ಕಾರ್ಡನ್ನು ಬರೆದುಕೊಡಲು ಅರ್ಧ ದಿನ ಹಿಡಿಯಿತು. ಅಕ್ಷರಗಳು ಒಂದೇ ಎತ್ತರಕ್ಕೆ ಇರಲಿಲ್ಲ. "ಬೇಗ ಬರಬೇಕಪ್ಪ ಅವನು," ಎಂದರು, ನನಗಲ್ಲ, ಕಾರ್ಡಿಗೆ.

ಅದರಲ್ಲಿ ಇದ್ದದ್ದು: 'ಕೈಯಾರೆ ಮಾಡಿದ್ದು. ನೀವು ನಿಮ್ಮ ಕೈಯಿಂದ ಮಾಡಿದ ಒಂದು ವಸ್ತುವನ್ನು ತನ್ನಿ, ಅದರ ಬಗ್ಗೆ ಮಾತಾಡಿ.' ಬಸಪ್ಪ ಕಾರ್ಡನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದನ್ನ ಯಾರು ಬರದಾರ್ರಿ?"

"ಭಾವನೇ."

"ಅವರ ಅಕ್ಷರ ಹಿಂಗಿರಲಿಲ್ಲ." ಮತ್ತೆ ನೋಡಿದರು. "ಕೈಯಾರೆ ಮಾಡಿ ಕೆಟ್ಟದ್ದೂ ನಡೀತೈತೇನ್ರಿ?"

"ಅದನ್ನ ಕಾರ್ಡಿನಲ್ಲಿ ಬರೆದಿಲ್ಲ," ಎಂದೆ.

ಆ ಭಾನುವಾರ ಜನ ಏನೇನೋ ತಂದಿದ್ದರು. ತಗಡಿನ ಚೂರಿನಲ್ಲಿ ಮಾಡಿದ ಸೌಟು, ಬಣ್ಣದ ಬಟ್ಟೆ ಸೇರಿಸಿ ಹೊಲಿದ ಕೌದಿ, ಬೇರಿಂಗ್ ಹಾಕಿದ ಆಟದ ಲಾರಿ. ಒಬ್ಬೊಬ್ಬರೂ ಎದ್ದು ಮಾತಾಡುತ್ತಿದ್ದರು. ನಾನು ಮೊದಲು ಹೇಳಿದ ಜಾಗದಲ್ಲಿ ನಿಂತಿದ್ದೆ. ಆಗ ಗೇಟಿನ ಮೇಜಿನ ಹತ್ತಿರ ಬಿಳಿ ಟೋಪಿ ಹಾಕಿಕೊಂಡ ಬಸಪ್ಪ ಬಗ್ಗಿ ಪುಸ್ತಕದಲ್ಲಿ ಬರೆಯುತ್ತಿರುವುದು ಕಾಣಿಸಿತು. ಏನು ಬರೆದಿದ್ದಾರೆಂದು ಆಮೇಲೆ ನೋಡಿದೆ: ಹೆಸರು, ಟೋಕನ್ ನಂಬರ್ 117. ಇಪ್ಪತ್ತೊಂದು ವರ್ಷದ ಹಿಂದಿನ ನಂಬರು.

ಅವರು ನೇರವಾಗಿ ಕಬ್ಬಿಣದ ಕುರ್ಚಿಯ ಹತ್ತಿರ ಹೋದರು. ರಟ್ಟು ಓದಿದರು. ಕೂರಲಿಲ್ಲ. ಭಾವ ಎದುರಿಗೆ ಬಂದು ನಿಂತರು. ಬಸಪ್ಪ ಜುಬ್ಬಾದ ಜೇಬಿನಿಂದ ಒಂದು ಕರವಸ್ತ್ರದ ಗಂಟು ತೆಗೆದು ಬಿಚ್ಚಿದರು. ಒಳಗೆ ಒಂದು ಕಂಚಿನ ಬುಷ್. ಚೆನ್ನಾಗಿ ಉಜ್ಜಿ ಇಟ್ಟದ್ದು.

"ಕೈಯಾರೆ ಮಾಡಿದ್ದು ತರ್ರಿ ಅಂದಿದ್ರಿ, ಸಾಹೇಬ್ರ. ಇದರ ಬಗ್ಗೆ ನೀವ ಮಾತಾಡಬೇಕು. ನೋಡ್ರಿ."

ಮೇಘನಾ ಮೈಕನ್ನು ಕೆಳಗಿಳಿಸಿದಳು. ಭಾವ ಜೇಬಿನಿಂದ ಬಲಗೈ ತೆಗೆದರು. ಅಲ್ಲಿದ್ದ ಅರವತ್ತು ಜನರಲ್ಲಿ ಅರ್ಧ ಜನ ಲೇತಿನವರು, ಮಿಲ್ಲಿಂಗಿನವರು. ಅವರಿಗೆ ಗೇಜು ಎಂದರೇನು ಎಂದು ಹೇಳಬೇಕಾಗಿರಲಿಲ್ಲ. ಕೈ ಎಷ್ಟು ನಡುಗುತ್ತಿದೆ ಎಂದೂ ಹೇಳಬೇಕಾಗಿರಲಿಲ್ಲ. ಗೋ ತುದಿ ಹೇಗೋ ಒಳಗೆ ಹೋಗಿ ಹೊರಗೆ ಬಂತು. ಗೇಜನ್ನು ತಿರುಗಿಸಿದರು. ಕೆಂಪು ತುದಿ ಬುಷ್ಷಿನ ಅಂಚಿಗೆ ಬಡಿಯತೊಡಗಿತು. ಆ ಸದ್ದು ನನಗೆ ಎಂಟು ಹೆಜ್ಜೆ ದೂರಕ್ಕೆ ಕೇಳಿಸುತ್ತಿತ್ತು. ಹನ್ನೊಂದು ಸಲ ಬಡಿಯಿತು. ಆಗ ಬಸಪ್ಪ ಎಡಗೈಯಲ್ಲಿ ಬುಷ್ ಹಿಡಿದು, ಬಲಗೈಯಿಂದ ಭಾವನ ಮಣಿಕಟ್ಟನ್ನು ಹಿಡಿದುಕೊಂಡರು. ಕೈ ನಿಂತಿತು. ಕೆಂಪು ತುದಿ ಸಲೀಸಾಗಿ ಒಳಗೆ ಹೋಯಿತು.

"ರಿಜೆಕ್ಟು," ಎಂದರು ಭಾವ.

"ಮತ್ತೇನ್ರಿ. ಇಪ್ಪತ್ತೊಂದು ವರ್ಷದಾಗ ತೂತು ಸಣ್ಣದಾಕ್ಕೈತೇನು?"

ಶೆಡ್ಡಿಗೆ ಶೆಡ್ಡೇ ನಕ್ಕಿತು. ಭಾವ ನಗಲಿಲ್ಲ. ಕೆಂಪು ಚೀಟಿ ತೆಗೆದರು. ರಿಜೆಕ್ಟ್ ಮಾಲು ಕಣ್ಣಿಗೆ ಬಿದ್ದ ಮೇಲೆ ಅವರಿಗೆ ಒಂದು ಪ್ರಶ್ನೆ ಕೇಳದೆ ಇರಲಾಗುವುದಿಲ್ಲ.

"ಇದನ್ನ ಗೇಟ್ ಪಾಸ್ ಇಲ್ಲದೆ ಹೊರಗೆ ಹೇಗಯ್ಯ ತಗೊಂಡೋದೆ?"

"ಊಟದ ಡಬ್ಬ್ಯಾಗ, ರೊಟ್ಟಿ ಕೆಳಗ ಇಟ್ಟಿದ್ನಿ."

"ಸಂಜೆ ಹೊತ್ತಲ್ಲಿ ಡಬ್ಬಿಯಲ್ಲಿ ರೊಟ್ಟಿ ಎಲ್ಲಿಂದ ಬಂತು?"

ಬಸಪ್ಪ ಮಣಿಕಟ್ಟನ್ನು ಇನ್ನೂ ಬಿಟ್ಟಿರಲಿಲ್ಲ. "ಉಂಡಿರಲಿಲ್ರಿ. ನೀವು ರಿಜೆಕ್ಟ್ ಮಾಡಿದ್ದಕ್ಕ ನನಗ ಸಿಟ್ಟಿಲ್ಲ. ತೂತು ದೊಡ್ಡದಾಗಿದ್ದು ನನಗೂ ಗೊತ್ತಿತ್ತು. ಒಂದಕ್ಕ ಸೈರನ್ ಆತು. ಡಬ್ಬಿ ಬಿಚ್ಚಿಕೊಂಡು ಇಲ್ಲೇ ಕುಂತಿದ್ನಿ. ನೀವು ಬರಲಿಲ್ಲ. ಅರ್ಧ ತಾಸು ಕುಂತಿದ್ನಿ, ಸಾಹೇಬ್ರ. ನೀವು ಊಟಕ್ಕ ಬರಲಿಲ್ಲ."

ಮುಂದಿನ ಸಾಲಿನಲ್ಲಿ ಕೂತಿದ್ದ ಅಕ್ಕ ಎದ್ದಳು.

"ಆವತ್ತು ಇವರ ಡಬ್ಬಿನೂ ಹಾಗೇ ವಾಪಸ್ ಬಂತು ಬಸಪ್ಪ. ಮುಚ್ಚಳಾನೇ ತೆಗೆದಿರಲಿಲ್ಲ. ಯಾಕ್ರೀ ಅಂದ್ರೆ, ಅವನ ಮುಖ ನೋಡಿ ತಿನ್ನೋಕಾಗಲ್ಲ ಅಂದ್ರು. ತಪಾಸಣೆ ರೂಮಿನ ಬಾಗಿಲು ಹಾಕ್ಕೊಂಡು ಒಳಗೇ ಕೂತಿದ್ರಂತೆ."

ಕಂಬ ಹಿಡಿದುಕೊಂಡೆ ಎಂದೆನಲ್ಲ, ಆಗ.

ಬಸಪ್ಪ ಕಬ್ಬಿಣದ ಕುರ್ಚಿಯಲ್ಲಿ ಕೂತರು. ಭಾವ ನೆಲದ ಮೇಲೆ, ಬೋಲ್ಟುಗಳ ಪಕ್ಕದಲ್ಲಿ ಕೂತು ಮೊಣಕಾಲಿನ ಮೇಲೆ ಚೀಟಿ ಇಟ್ಟುಕೊಂಡು ಬರೆದರು. ಬರೆಯಲು ಎಷ್ಟು ಹೊತ್ತಾದರೂ ಯಾರೂ ಎದ್ದು ಹೋಗಲಿಲ್ಲ. ಆ ಬುಷ್ ಈಗ ಗೋಡೆಯ ಮೇಲೆ, ರಸಮಟ್ಟ ಇಟ್ಟು ಹಾಕಿದ ಒಂದು ಹಲಗೆಯ ಮೇಲಿದೆ. ಪಕ್ಕದಲ್ಲಿ ಕೆಂಪು ಚೀಟಿ. ಕಾರಣ: 'ತೂತು ದೊಡ್ಡದು.' ಮುಂದೇನು ಎಂಬಲ್ಲಿ ಮರುಕೆಲಸ, ಗುಜರಿ, ವಾಪಸ್ ಮೂರಕ್ಕೂ ಗುರುತಿಲ್ಲ. ಅವುಗಳ ಕೆಳಗೆ ಸೊಟ್ಟಸೊಟ್ಟ ಗೆರೆಯ ಒಂದು ನಾಲ್ಕನೆಯ ಚೌಕ ಬರೆದು, ಅದರೊಳಗೆ ಗುರುತು ಹಾಕಿ, ಪಕ್ಕದಲ್ಲಿ ಬರೆದಿದ್ದಾರೆ: 'ಇಲ್ಲೇ ಇರಲಿ.'

ಇದನ್ನು ನೋಡಿದವರು: ಅಕ್ಕ, ಮುಂದಿನ ಸಾಲಿನ ಎರಡನೆಯ ಕುರ್ಚಿಯಿಂದ. ಮೇಘನಾ, ಮೈಕಿನ ಬಳಿಯಿಂದ. ಕೋಳಿ ಮಾಡಿದ ಸರೋಜಮ್ಮ, ಕಿಟಕಿಯ ಪಕ್ಕದಿಂದ. ಬಸಪ್ಪ. ಭಾವ. ನಾನು ಬರೆದ ಎಷ್ಟೋ ವರದಿಗಳಲ್ಲಿ ಈ ಸಾಲಿಗೆ ಬಂದಾಗ ಒಂದೆರಡು ಹೆಸರುಗಳನ್ನು ಬಿಡಬೇಕಾಗುತ್ತಿತ್ತು. ಇಲ್ಲಿ ಯಾರನ್ನೂ ಬಿಟ್ಟಿಲ್ಲ, ಎಲ್ಲರೂ ಇದ್ದಾರೆ. ಕೊನೆಯ ಇಬ್ಬರನ್ನು ವಿಚಾರಿಸಬೇಕಾದವರು ಭಾನುವಾರ ಮಧ್ಯಾಹ್ನ ಒಂದು ಗಂಟೆಯ ನಂತರ ಹೋಗಬೇಕು. ನಾಲ್ಕನೆಯ ಲೇತು ಇದ್ದ ಜಾಗದಲ್ಲಿ ಡಬ್ಬಿ ಬಿಚ್ಚಿಕೊಂಡು ಕೂತಿರುತ್ತಾರೆ. ಬಸಪ್ಪ ಈಗಲೂ ಮುದ್ದೆ ಅಗಿಯುತ್ತಾರೆ.